ಹೊನ್ನಾವರಕ್ಕೆ ಒಂದು ಹಗಲಿನ ಹಾಯಿ

ಬೆಂಗಳೂರಿನ ಅವೆನ್ಯೂ ರಸ್ತೆಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಗು ಬರುವುದು ಸಹಜ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿ ಕುಳಿತ ಊರು ನಮ್ಮದು. ಹೇಳಿಕೊಳ್ಳುವಂಥ ನದಿಯೂ ಇಲ್ಲ. ಕೆರೆ ಕಟ್ಟಿಕೊಂಡು, ಬಾವಿ ತೋಡಿಕೊಂಡು ಬದುಕಿದವರು ಪೇಟೆಯ ಹಿರಿಯರು. ನಮ್ಮ ಮಕ್ಕಳಿಗೆ ಸಮುದ್ರವೆಂದರೆ ಬೇಸಿಗೆ ರಜೆಯಲ್ಲಿ ಗೋಕರ್ಣಕ್ಕೋ ಮಲ್ಪೆಗೋ ಹೋಗಿ ಕಾಲು ತೋಯಿಸಿಕೊಂಡು ಬರುವ ಜಾಗ. ಆದರೆ ಹಿಂದೆ ದೊಡ್ಡಪೇಟೆ ಎಂದು ಕರೆಸಿಕೊಳ್ಳುತ್ತಿದ್ದ ಈ ರಸ್ತೆಗೂ ಕಡಲಿಗೂ ನಂಟಿಲ್ಲದೆ ಇಲ್ಲ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಪೇಟೆಯ ವ್ಯಾಪಾರವನ್ನು ವಿಚಾರಿಸಿ ಬರೆದಿಟ್ಟಾಗ ನಗರ ಸೀಮೆಯಿಂದ ಬರುವ ಅಡಿಕೆ, ಮೆಣಸುಗಳನ್ನು ಹೆಸರಿಸಿದ್ದಾನೆ. ಮಲೆನಾಡಿನ ಆ ಮೆಣಸು ಮೂಡಣಕ್ಕೆ ನಡೆದರೆ ದೊಡ್ಡಪೇಟೆ. ಪಡುವಣಕ್ಕೆ ಘಟ್ಟ ಇಳಿದರೆ ಹೊನ್ನಾವರ, ಭಟ್ಕಳ, ಬಸರೂರು. ಒಂದೇ ಬಳ್ಳಿಯ ಕಾಳಿನಲ್ಲಿ ಒಂದು ಪಾಲು ಎತ್ತಿನ ಬೆನ್ನೇರಿತು, ಇನ್ನೊಂದು ಪಾಲು ದೋಣಿ ಏರಿತು. ಎತ್ತಿನ ದಾರಿಯ ಕಥೆಯನ್ನು ನಾವು ಅಷ್ಟಿಷ್ಟು ಕೇಳಿದ್ದೇವೆ. ಹಾಯಿಯ ದಾರಿಯ ಕಥೆಯನ್ನು ಕೇಳಿದವರು ಕಡಿಮೆ.

ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಅವೆನ್ಯೂ ರಸ್ತೆಗೆ ಹೋಗುವುದು ನನ್ನ ಬಹುಕಾಲದ ರೂಢಿ. ಚಾಮರಾಜಪೇಟೆಯಿಂದ ನಡೆದೇ ಹೋಗಬಹುದು. ಪಠ್ಯಪುಸ್ತಕ, ಗೈಡು, ಹಳೆಯ ಪ್ರಶ್ನೆಪತ್ರಿಕೆಗಳ ರಾಶಿಯ ನಡುವೆ ಕೆಲವೊಮ್ಮೆ ಯಾರದೋ ಮನೆಯ ಅಟ್ಟದಿಂದ ಇಳಿದ ಪುಸ್ತಕಗಳೂ ಕಾಣಿಸಿಕೊಳ್ಳುತ್ತವೆ. ಹಾಗೆ ಒಂದು ಸಲ, ಹಳೇ ಪುಸ್ತಕದ ವ್ಯಾಪಾರಿಯೊಬ್ಬರು, "ಟೀಚರಮ್ಮ, ಇದು ನಿಮ್ಮ ಹಿಸ್ಟರೀನೇ, ತಗೊಂಡು ಹೋಗಿ. ಯಾರೂ ಕೇಳ್ತಿಲ್ಲ" ಎಂದು ರಟ್ಟು ಸಡಿಲವಾದ ಒಂದು ಪುಸ್ತಕ ಕೈಗಿಟ್ಟರು. ಬೆಲೆ 60 ರೂಪಾಯಿ. ನಾನು 50ಕ್ಕೆ ಕೇಳಿದೆ, ಅವರು ಕೊಟ್ಟರು. ಅದು ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಭಾರತದಿಂದ ಬರೆದ ಪತ್ರಗಳ ಇಂಗ್ಲಿಷ್ ಅನುವಾದ. ಅನುವಾದ 1664ರದು, ಅದನ್ನೇ ಟಿಪ್ಪಣಿಗಳೊಂದಿಗೆ 1892ರಲ್ಲಿ ಲಂಡನ್ನಿನ ಹಕ್ಲೂಯ್ಟ್ ಸೊಸೈಟಿ ಪ್ರಕಟಿಸಿತು. ನನ್ನ ಕೈಗೆ ಬಂದದ್ದು ಅದರ ಮರುಮುದ್ರಣ.

ಈ ದೆಲ್ಲಾ ವಾಲ್ಲೆ ರೋಮಿನ ಸಿರಿವಂತ ಮನೆತನದವನು. ಹುಟ್ಟಿದ್ದು 1586ರಲ್ಲಿ. ವ್ಯಾಪಾರಕ್ಕೆ ಬಂದವನಲ್ಲ, ಮತಪ್ರಚಾರಕ್ಕೂ ಬಂದವನಲ್ಲ. ನೋಡುವ ಆಸೆಯಿಂದ ಹೊರಟವನು. ಬಾಗ್ದಾದಿನಲ್ಲಿ ಮಾನಿ ಎಂಬ ಹೆಣ್ಣನ್ನು ಮದುವೆಯಾದ. ಪರ್ಷಿಯಾದಲ್ಲಿ 1621ರ ಕೊನೆಗೆ ಅವಳು ತೀರಿಕೊಂಡಳು. ಅವಳ ದೇಹವನ್ನು ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡು ಭಾರತಕ್ಕೂ ತಂದ. ಕೊನೆಗೆ ರೋಮಿಗೆ ಒಯ್ದು 1627ರಲ್ಲಿ ತನ್ನ ಮನೆತನದ ಸಮಾಧಿಯಲ್ಲಿ ಮಣ್ಣು ಮಾಡಿದ. ಇಂಥವನು ನೋಡಿದ್ದೆಲ್ಲವನ್ನೂ ನೇಪಲ್ಸಿನಲ್ಲಿದ್ದ ವೈದ್ಯ ಗೆಳೆಯನಿಗೆ ಪತ್ರ ಬರೆದು ತಿಳಿಸುತ್ತಿದ್ದ. ಗೆಳೆಯನಿಗೆ ಬರೆದ ಪತ್ರವಾದ್ದರಿಂದ ಅದರಲ್ಲಿ ದೊಡ್ಡ ಮಾತಿಗಿಂತ ಸಣ್ಣ ಸಂಗತಿಗಳು ಹೆಚ್ಚು. ನಮಗೆ ಬೇಕಾದದ್ದೂ ಅದೇ.

1623ರ ಅಕ್ಟೋಬರ್ ತಿಂಗಳಲ್ಲಿ ಅವನು ಗೋವೆಯಿಂದ ಹೊನ್ನಾವರಕ್ಕೆ ಕಡಲ ಮೇಲೆ ಬಂದ. ಆಗ ಇಕ್ಕೇರಿಯಲ್ಲಿ ಆಳುತ್ತಿದ್ದವನು ಕೆಳದಿಯ ವೆಂಕಟಪ್ಪ ನಾಯಕ. ಮಂಗಳೂರಿನ ಬಳಿಯ ಬಂಗ ಅರಸನ ಕೋಟೆಯ ವಿಚಾರಕ್ಕೂ ಮೆಣಸಿನ ವ್ಯಾಪಾರದ ವಿಚಾರಕ್ಕೂ ಪೋರ್ಚುಗೀಸರಿಗೆ ಅವನೊಡನೆ ಮಾತುಕತೆ ನಡೆಯಬೇಕಾಗಿತ್ತು. ಗೋವೆಯಿಂದ ಪೋರ್ಚುಗೀಸರ ರಾಯಭಾರಿ ಹೊರಟ. ಜೊತೆಗೆ ನಾಯಕನ ಕಡೆಯಿಂದ ಗೋವೆಗೆ ಬಂದಿದ್ದ ವಿಠಲ ಶೆಣೈ ಎಂಬ ರಾಯಭಾರಿಯೂ ಹಿಂದಿರುಗುತ್ತಿದ್ದ. ದೆಲ್ಲಾ ವಾಲ್ಲೆ ಈ ತಂಡದೊಂದಿಗೆ ಸೇರಿಕೊಂಡ. ಗೋವೆಯಿಂದ ಹೊನ್ನಾವರಕ್ಕೆ ಕಡಲ ದಾರಿ ಸುಮಾರು 150 ಕಿಲೋಮೀಟರು. ಈಗ ರೈಲಿನಲ್ಲಿ ಕುಳಿತರೆ ಒಂದು ಕಾದಂಬರಿ ಅರ್ಧ ಮುಗಿಯುವ ಮೊದಲೇ ಇಳಿಯಬೇಕು. ಆಗ ಅದು ಗಾಳಿಯ ಮರ್ಜಿ.

ಅವರ ದೋಣಿಗಳು ಒಂಟಿಯಾಗಿ ಹೊರಡಲಿಲ್ಲ. ವ್ಯಾಪಾರದ ದೋಣಿಗಳು ಗುಂಪು ಕೂಡಿ, ಆಯುಧವಿದ್ದ ದೋಣಿಗಳ ಕಾವಲಿನಲ್ಲಿ ಸಾಗುವುದು ಆಗಿನ ಕ್ರಮ. ಅದಕ್ಕೆ ಕಾಫಿಲಾ ಎನ್ನುತ್ತಿದ್ದರು. ಮರಳುಗಾಡಿನ ಒಂಟೆಗಳ ಸಾಲಿಗೆ ಇರುವ ಅದೇ ಹೆಸರು. ಹೊರಟ ಮೇಲೆ ಒಂದು ಬೆಳಿಗ್ಗೆ ಕಣ್ಣು ಬಿಟ್ಟು ನೋಡುತ್ತಾರೆ, ಹತ್ತಿರದಲ್ಲೇ ನಾಲ್ಕು ಮಲಬಾರಿ ದೋಣಿಗಳು. ಹಾಯಿಯ ಜೊತೆಗೆ ಹುಟ್ಟುಗಳಿಂದಲೂ ಓಡುವ ಚುರುಕಾದ ದೋಣಿಗಳು ಅವು. ಕಡಲ್ಗಳ್ಳರು ಎಂದು ಪೋರ್ಚುಗೀಸರು ಬೆನ್ನಟ್ಟಿದರು. ಒಂದು ಗಂಟೆಗೂ ಮಿಕ್ಕಿ ಅಟ್ಟಿಸಿಕೊಂಡು ಹೋದರೂ ಸಿಗಲಿಲ್ಲ. ಇದರಿಂದ ಸಮಯ ಹಾಳಾಯಿತು, ದಾರಿಯೂ ಹಿಂದೆ ಬಿತ್ತು ಎಂದು ದೆಲ್ಲಾ ವಾಲ್ಲೆ ಬರೆಯುತ್ತಾನೆ. ಸಂಜೆಯಾಗುವ ಹೊತ್ತಿಗೆ ಅಂಜದೀವಿಯ ನಡುಗಡ್ಡೆಗಳು ಬಂದವು. ಹಸಿರಾಗಿದ್ದವು, ಮರದ ನೆರಳಿತ್ತು, ಒಂದರಲ್ಲಿ ನೀರು ಸಿಕ್ಕಿತು. ಅದೇ ರಾತ್ರಿ ಅಲ್ಲಿಂದ ಮತ್ತೆ ಹಾಯಿ ಬಿಚ್ಚಿದರು. ಆದರೆ ಗಾಳಿ ಇರಲಿಲ್ಲ. ಅಷ್ಟೇ ಆ ಹಗಲಿನ ಕಥೆ. ಯುದ್ಧವಾಗಲಿಲ್ಲ, ಯಾರೂ ಮುಳುಗಲಿಲ್ಲ, ರಾಜ್ಯ ಕೈ ಬದಲಾಗಲಿಲ್ಲ. ಅದಕ್ಕೇ ಅದು ಯಾವ ಪಠ್ಯಪುಸ್ತಕಕ್ಕೂ ಸೇರಿಲ್ಲ.

ನಾನು ಇದನ್ನು ಎಂಟನೇ ತರಗತಿಯಲ್ಲಿ ಓದಿ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಆ ನಾಲ್ಕು ದೋಣಿಯವರು ನಿಜವಾಗ್ಲೂ ಕಳ್ಳರಾ? ಅವರು ಏನೂ ಕದ್ದೇ ಇಲ್ವಲ್ಲ, ಓಡಿಸಿದ್ದು ಇವರೇ ಅಲ್ವಾ?" ಎಂದಳು. ತರಗತಿ ನಕ್ಕಿತು. ನಾನು ನಗಲಿಲ್ಲ. ಪ್ರಶ್ನೆ ಸರಿಯಾಗಿಯೇ ಇತ್ತು. ಪೋರ್ಚುಗೀಸರು ಬಂದ ಮೇಲೆ ಈ ಕಡಲಿನಲ್ಲಿ ಓಡಾಡಲು ಅವರಿಂದ ಕರ್ತಾಜ್ ಎಂಬ ರಹದಾರಿ ಚೀಟಿ ಕೊಳ್ಳಬೇಕಾಯಿತು. ಚೀಟಿ ಇಲ್ಲದ ಹಡಗನ್ನು ಹಿಡಿಯುತ್ತಿದ್ದರು, ಸರಕು ಕಸಿದುಕೊಳ್ಳುತ್ತಿದ್ದರು. ಅಜ್ಜ ಮುತ್ತಜ್ಜನ ಕಾಲದಿಂದ ತಿರುಗಾಡಿದ ನೀರಿಗೆ ಚೀಟಿ ಕೊಳ್ಳಲು ಒಪ್ಪದವನಿಗೆ ಅವರು ಕೊಟ್ಟ ಹೆಸರು ಕಡಲ್ಗಳ್ಳ. 1600ರಲ್ಲಿ ಗೋವೆಯಲ್ಲಿ ಅವರು ತಲೆ ಕಡಿದ ಕುಂಜಾಲಿ ಮರಕ್ಕಾರ್ ಅವರ ದಾಖಲೆಗಳಲ್ಲಿ ಕಡಲ್ಗಳ್ಳ. ಕಲ್ಲಿಕೋಟೆಯ ಕಡೆಯಲ್ಲಿ ಇಂದಿಗೂ ವೀರ. ಹಾಗೆಂದು ಕಡಲಿನಲ್ಲಿ ದರೋಡೆಯೇ ಇರಲಿಲ್ಲ ಎಂದೂ ಹೇಳಲಾಗದು. ಪೋರ್ಚುಗೀಸರು ಬರುವುದಕ್ಕೆ ಬಹಳ ಹಿಂದೆಯೇ ಈ ಕರಾವಳಿಯ ಕಳ್ಳರ ಬಗ್ಗೆ ಪರದೇಶದವರು ಬರೆದಿದ್ದಾರೆ. ಆ ನಾಲ್ಕು ದೋಣಿಗಳಲ್ಲಿ ಇದ್ದವರು ಯಾರು ಎಂಬುದಕ್ಕೆ ಉತ್ತರ ಹೇಳಬೇಕಾದವರು ಅವರೇ. ಅವರು ಪತ್ರ ಬರೆಯಲಿಲ್ಲ. ನಮಗೆ ಉಳಿದಿರುವುದು ಬೆನ್ನಟ್ಟಿದವರ ದೋಣಿಯಲ್ಲಿ ಕುಳಿತವನ ಪತ್ರ ಮಾತ್ರ.

ಇದನ್ನು ಯೋಚಿಸುತ್ತಿದ್ದಾಗ ನನಗೆ ಇನ್ನೊಂದು ಸಂಗತಿ ಹೊಳೆಯಿತು. ದೆಲ್ಲಾ ವಾಲ್ಲೆಯ ದೋಣಿಯಲ್ಲೇ ಇದ್ದ ಒಬ್ಬನ ಮಾತೂ ನಮಗೆ ಉಳಿದಿಲ್ಲ. ಅವನು ಚುಕ್ಕಾಣಿ ಹಿಡಿದವನು. ಎಷ್ಟು ಹೊತ್ತಿಗೆ ಹಾಯಿ ಏರಿಸಬೇಕು, ಎಲ್ಲಿ ಲಂಗರು ಬಿಡಬೇಕು, ಕತ್ತಲಲ್ಲಿ ಬಂಡೆಗಳಿಂದ ಎಷ್ಟು ದೂರ ಇರಬೇಕು ಎಂಬುದನ್ನು ರಾಯಭಾರಿಗಳು ನಿರ್ಧರಿಸುವುದಿಲ್ಲ. ನಮ್ಮ ಕರಾವಳಿಯಲ್ಲಿ ಅಂಥವನನ್ನು ತಂಡೇಲ ಎನ್ನುತ್ತಾರೆ. ಅವನ ಕೆಳಗೆ ಕೆಲಸ ಮಾಡುವವರು ಖಲಾಸಿಗಳು. ಖಾರ್ವಿಗಳು, ಮೊಗೇರರು, ಅಂಬಿಗರು, ಹರಿಕಂತ್ರರು, ದಾಲ್ದಿಗಳು ಹೀಗೆ ಹಲವು ಸಮುದಾಯಗಳ ಗಂಡಸರು ಈ ನೀರನ್ನು ನೋಡಿ ಬೆಳೆದವರು. ಒಂದು ಹಗಲಿನ ಹಾಯಿಯಲ್ಲಿ ಎಷ್ಟು ವಿದ್ಯೆ ಅಡಗಿದೆ ಎಂಬುದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ನನ್ನ ಅಜ್ಜಿಯಿಂದ.

ತಾಯಿಯ ತಾಯಿ, ಕುಮಟೆಯವರು. ಮದುವೆಯಾಗಿ ಹೋದದ್ದು ಹೊನ್ನಾವರದ ಕಡೆಗೆ. ಎರಡು ಊರಿಗೂ ನಡುವೆ ಈಗಿನ ರಸ್ತೆಯಲ್ಲಿ 20 ಕಿಲೋಮೀಟರಿನ ಆಸುಪಾಸು, ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಅಜ್ಜಿ ಮದುಮಗಳಾಗಿ ಹೋದ ಕಾಲದಲ್ಲಿ, ಎಂದರೆ 1920ರ ದಶಕದ ಕೊನೆಯಲ್ಲಿ, ಹೊಳೆ, ಕೊಡ್ಲು, ಗುಡ್ಡ ದಾಟಿಕೊಂಡು ದಿಬ್ಬಣದ ಸಾಮಾನು ಹೊರಿಸುವ ಬದಲು ಮಚ್ವೆ ಏರುವುದೇ ಸಲೀಸು. ಬೆಂಗಳೂರಿಗೆ ನಮ್ಮ ಮನೆಗೆ ಬಂದು ಇರುತ್ತಿದ್ದ ದಿನಗಳಲ್ಲಿ ಅಜ್ಜಿ ಆ ಹಗಲನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. "ಕೂಸೇ, ಗಾಳಿ ನೋಡ್ದೇ ಮಚ್ವೆ ಹತ್ತಲಾಗ" ಎಂದು ಶುರು ಮಾಡುತ್ತಿದ್ದರು.

ಬೆಳಗಿನ ಜಾವ ಇನ್ನೂ ಕತ್ತಲಿದ್ದಾಗಲೇ ಎಲ್ಲರನ್ನೂ ಎಬ್ಬಿಸಿದರಂತೆ. ಭರತ ಇಳಿಯುವಾಗ ನೀರಿನ ಜೊತೆಗೇ ಕೊಡ್ಲಿನಿಂದ ಹೊರಗೆ ಬೀಳಬೇಕು, ತಡವಾದರೆ ಆಗದು ಎಂದು ತಂಡೇಲ ಅವಸರ ಮಾಡಿದನಂತೆ. ಹೊರಗೆ ಬಂದಾಗ ನೆಲದ ಕಡೆಯಿಂದ ತಣ್ಣನೆಯ ಗಾಳಿ. ಅದರಲ್ಲಿ ಒಣಹುಲ್ಲಿನ ವಾಸನೆ, ಒಲೆಯ ಹೊಗೆಯ ವಾಸನೆ. ಆ ಗಾಳಿ ಮಚ್ವೆಯನ್ನು ದಡದಿಂದ ದೂರ ತಳ್ಳಿತು. ಬಿಸಿಲೇರಿದ ಮೇಲೆ ಅದು ನಿಂತುಹೋಯಿತು. ಹಾಯಿ ಒದ್ದೆ ಸೀರೆಯ ಹಾಗೆ ಜೋತುಬಿತ್ತು. ಮಚ್ವೆ ಮುಂದಕ್ಕೆ ಹೋಗದೆ ನಿಂತಲ್ಲೇ ತೂಗಾಡತೊಡಗಿದಾಗ ದಿಬ್ಬಣದ ಹೆಂಗಸರಿಗೆಲ್ಲ ಹೊಟ್ಟೆ ತೊಳಸು. ಕಟ್ಟಿಕೊಂಡು ಬಂದಿದ್ದ ಅವಲಕ್ಕಿ ಬಿಚ್ಚಿದವರು ಗಂಡಸರು ಮಾತ್ರ. ತಂಡೇಲ ಮಾತ್ರ ಏನೂ ಆಗದವನಂತೆ ಪಡುವಣದ ನೀರನ್ನೇ ನೋಡುತ್ತಾ ಕುಳಿತಿದ್ದ. ದೂರದ ನೀರು ಕಪ್ಪಾಗಿ ಸುಕ್ಕುಗಟ್ಟಿದ್ದು ಕಂಡ ಕೂಡಲೇ ಎದ್ದ. ಕಡಲಗಾಳಿ ಬಂತು. ಮತ್ತೆ ಹಾಯಿ ತುಂಬಿತು, ಮಧ್ಯಾಹ್ನವೆಲ್ಲ ಮಚ್ವೆ ತೆಂಕಣಕ್ಕೆ ಓಡಿತು. ಸಂಜೆ ಶರಾವತಿಯ ಅಳಿವೆಯ ಎದುರು ಬಂದು, ಭರತ ಏರುವುದನ್ನು ಕಾದರು. ಅಳಿವೆಯಲ್ಲಿ ಮರಳಿನ ದಿಬ್ಬ. ಎಲ್ಲಿ ತೆರೆ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ಎಂದು ನೋಡಿ ಒಳಗೆ ನುಗ್ಗಬೇಕು. ಆಗ ಮಾತ್ರ ತಂಡೇಲ ಎಲ್ಲರಿಗೂ ಬಾಯಿ ಮುಚ್ಚಿಕೊಂಡು ಕೂರಲು ಹೇಳಿದನಂತೆ. "ಮದಿಮಗಳ ಅಳುವನ್ನೂ ನಿಲ್ಸಿದ" ಎಂದು ಅಜ್ಜಿ ನಗುತ್ತಿದ್ದರು.

ಅಜ್ಜಿ ಹೇಳಿದ ಕಥೆಯಲ್ಲಿ ಇಡೀ ವಿಜ್ಞಾನವೇ ಇದೆ. ಹಗಲು ನೆಲ ನೀರಿಗಿಂತ ಬೇಗ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏರಿದಾಗ ಕಡಲಿನ ತಂಪು ಗಾಳಿ ಒಳಕ್ಕೆ ನುಗ್ಗುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ. ಗಾಳಿ ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಇಷ್ಟನ್ನು ನಮ್ಮ ಏಳನೇ ತರಗತಿಯ ಮಕ್ಕಳೂ ಬರೆಯಬಲ್ಲರು. ಆದರೆ ಕೆನರಾ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಈ ಕಡಲಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ, ಆದ್ದರಿಂದ ತೆಂಕಣಕ್ಕೆ ಹೋಗುವವನಿಗೆ ಅದು ಬೆನ್ನಿಗೆ ಬೀಳುತ್ತದೆ, ಬಡಗಣಕ್ಕೆ ಹೋಗುವವನು ಅದರೊಂದಿಗೆ ಗುದ್ದಾಡಬೇಕಾಗುತ್ತದೆ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ನೆಲಗಾಳಿಯಲ್ಲಿ ಹೊರಗೆ ಹೋಗಿ, ಕಡಲಗಾಳಿಯಲ್ಲಿ ದಾರಿ ಸವೆಸಿ, ಭರತದ ಮೇಲೆ ಅಳಿವೆ ಹೊಗುವುದು, ಈ ಮೂರನ್ನು ಒಂದೇ ಹಗಲಿನಲ್ಲಿ ಹೊಂದಿಸುವವನೇ ತಂಡೇಲ. ದೆಲ್ಲಾ ವಾಲ್ಲೆಯ ದೋಣಿಗಳು ಮಲಬಾರಿಗಳ ಬೆನ್ನು ಹತ್ತಿ ಬೆಳಗಿನ ಹೊತ್ತು ಕಳೆದುಕೊಂಡದ್ದು ಎಷ್ಟು ದೊಡ್ಡ ನಷ್ಟ ಎಂಬುದು ಆಗ ಅರ್ಥವಾಗುತ್ತದೆ. ಹಾಯಿಯ ದಾರಿಯಲ್ಲಿ ಹೊತ್ತು ಕಳೆದುಕೊಳ್ಳುವುದೆಂದರೆ ಗಾಳಿ ಕಳೆದುಕೊಳ್ಳುವುದು.

ಅವರು ಬಳಸುತ್ತಿದ್ದ ಹಡಗುಗಳೂ ಈ ಗಾಳಿಗೆ ತಕ್ಕವೇ. ಪತ್ತೆಮಾರಿ, ಮಂಜಿ, ಮಚ್ವೆ ಹೀಗೆ ಅವುಗಳಲ್ಲಿ ಹಲವು ಬಗೆ. ಕೂವೆಮರ ಮುಂದಕ್ಕೆ ಬಾಗಿರುತ್ತದೆ. ಅದಕ್ಕೆ ಓರೆಯಾಗಿ ಕಟ್ಟಿದ ಉದ್ದನೆಯ ದೂಲದಿಂದ ಮೂಲೆ ಚೂಪಾದ ಹಾಯಿ ಇಳಿಬೀಳುತ್ತದೆ. ಪಕ್ಕದಿಂದ ಬರುವ ಗಾಳಿಯನ್ನೂ ಹಿಡಿಯುವ ಜಾಣತನ ಆ ಹಾಯಿಗಿದೆ. ತೆಂಗಿನ ನಾರಿನ ಹಗ್ಗ, ಮೀನೆಣ್ಣೆ ಬಳಿದ ಹಲಗೆ. 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತ್ಯದ ಕೆನರಾ ಗೆಜೆಟಿಯರ್ ಈ ಕರೆಯ ಬಂದರುಗಳಿಗೆ ಪುಟಗಟ್ಟಲೆ ಜಾಗ ಕೊಟ್ಟಿದೆ. ಆಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯಿಂದ ಹಡಗೇರುತ್ತಿತ್ತು. ಬೆಳೆದ ಊರು ಯಾವುದೇ ಇರಲಿ, ಮುಂಬಯಿ ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ. 1880ರ ದಶಕದ ಕೊನೆಯಲ್ಲಿ ರೈಲು ಹುಬ್ಬಳ್ಳಿಯಿಂದ ಮರ್ಮಗೋವೆಗೆ ಹೋಯಿತು. ಹತ್ತಿಯೂ ಅದರ ಹಿಂದೆ ಹೋಯಿತು. ಅಜ್ಜಿಯ ಅಪ್ಪ ಗುಮಾಸ್ತೆಯಾಗಿದ್ದ ಹತ್ತಿ ಉಗ್ರಾಣದಲ್ಲಿ ಅಜ್ಜಿ ಕಂಡದ್ದು ಹತ್ತಿಯಲ್ಲ, ಬಾವಲಿ.

ದೆಲ್ಲಾ ವಾಲ್ಲೆ ನೀರು ಕುಡಿದ ಅಂಜದೀವಿಗೆ ಮತ್ತೆ ಬರೋಣ. ಐದು ದ್ವೀಪಗಳು ಎಂಬ ಅರ್ಥದಿಂದ ಈ ಹೆಸರು ಬಂತು ಎಂದು ಅವನು ಬರೆಯುತ್ತಾನೆ. ಅಲ್ಲಿದ್ದ ಆರ್ಯಾದುರ್ಗೆಯಿಂದ ಬಂದ ಹೆಸರು, ಪೋರ್ಚುಗೀಸರ ಕಾಲದಲ್ಲಿ ದೇವಿಯನ್ನು ಅಂಕೋಲೆಗೆ ತಂದರು ಎಂದು ಅಲ್ಲಿಯವರು ಹೇಳುತ್ತಾರೆ. ಕಾರವಾರದ ಎದುರಿಗಿರುವ ಈ ಪುಟ್ಟ ನೆಲಕ್ಕೆ ಎಷ್ಟೊಂದು ಜನ ಬಂದರು! 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ವಾಸ್ಕೋ ಡ ಗಾಮ ಇಲ್ಲಿ ಲಂಗರು ಹಾಕಿದ. 1505ರಲ್ಲಿ ಅಲ್ಮೇಡ ಕೋಟೆ ಕಟ್ಟಿಸಿದ. 1660ರ ದಶಕದಲ್ಲಿ ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಸೈನಿಕರು ಇಲ್ಲಿ ಕಾಯುತ್ತಾ ರೋಗದಿಂದ ನೂರಾರು ಸಂಖ್ಯೆಯಲ್ಲಿ ಸತ್ತರು. 1961ರ ಡಿಸೆಂಬರಿನಲ್ಲಿ ಭಾರತದ ನೌಕಾದಳ ಇದನ್ನು ಪೋರ್ಚುಗೀಸರಿಂದ ಬಿಡಿಸಿಕೊಂಡಿತು. ಈಗ ಕಾರವಾರದ ನೌಕಾನೆಲೆಗೆ ಸೇರಿದೆ. ಇವರೆಲ್ಲರ ಹೆಸರೂ ಪುಸ್ತಕಗಳಲ್ಲಿವೆ. ಇವರೆಲ್ಲರಿಗಿಂತ ಮೊದಲು ಇಲ್ಲಿ ಸಿಹಿನೀರು ಸಿಗುತ್ತದೆ ಎಂದು ಕಂಡುಕೊಂಡು, ಮಗನಿಗೆ ಹೇಳಿ, ಆ ಮಗ ತನ್ನ ಮಗನಿಗೆ ಹೇಳಿದ ಖಲಾಸಿಯ ಹೆಸರು ಎಲ್ಲೂ ಇಲ್ಲ.

ಹೊನ್ನಾವರವನ್ನು ಮುಟ್ಟಿದ ಮೇಲೆ ದೆಲ್ಲಾ ವಾಲ್ಲೆ ಅಲ್ಲಿ ಕೆಲವು ದಿನ ಉಳಿದ. ಅಕ್ಟೋಬರ್ 30ರ ಪತ್ರ ಹೊನ್ನಾವರದಿಂದಲೇ ಬರೆದದ್ದು. ಊರು ಚಿಕ್ಕದು, ಬಂದರು ಒಳ್ಳೆಯದು, ಎರಡು ಕಡೆಯಿಂದ ಬರುವ ಹೊಳೆಯ ತೋಳುಗಳು ಕೋಟೆಯ ಹತ್ತಿರ ಕೂಡಿ ಒಂದೇ ಬಾಯಿಂದ ಕಡಲಿಗೆ ಬೀಳುತ್ತವೆ ಎನ್ನುತ್ತಾನೆ. ಅವನು ಕಂಡ ಚಿಕ್ಕ ಊರು ಹಿಂದೆ ದೊಡ್ಡದಾಗಿತ್ತು. ಅವನಿಗಿಂತ ಸುಮಾರು 280 ವರ್ಷ ಮೊದಲು ಇಲ್ಲಿಗೆ ಬಂದ ಇಬ್ನ್ ಬತೂತಾ ಈ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡಿದ್ದ. ಹೆಣ್ಣುಮಕ್ಕಳಿಗೆ 13 ಶಾಲೆ! ಈ ಅಂಕಿಯನ್ನು ನಾನು ಪ್ರತಿವರ್ಷ ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಇಲ್ಲಿಂದ 52 ಹಡಗುಗಳು ಗೋವೆಯ ಮೇಲೆ ದಂಡೆತ್ತಿ ಹೋದದ್ದನ್ನೂ ಅವನು ಬರೆದಿದ್ದಾನೆ. ತಾನೂ ಜೊತೆಗೆ ಹೋಗಿದ್ದನಂತೆ. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಹಿಡಿಯಲು ನೆರವಾದ ತಿಮ್ಮಯ್ಯನೂ ಹೊನ್ನಾವರದ ಕಡಲಿನವನೇ. ನೀರಿನ ಮೇಲೆ ಹುಟ್ಟಿ ನೀರಿನ ಮೇಲೆ ಬೆಳೆದ ಊರು ಅದು.

ಹೊನ್ನಾವರದಿಂದ ತಂಡ ದೋಣಿಯಲ್ಲೇ ಶರಾವತಿಯ ಮೇಲೆ ಗೇರುಸೊಪ್ಪೆಗೆ ಹೋಯಿತು. ಇಷ್ಟು ಚೆಲುವಾದ ಹೊಳೆಯನ್ನು ತಾನು ಕಂಡಿಲ್ಲ ಎಂದು ಆ ರೋಮಿನವನು ಬರೆದದ್ದನ್ನು ಓದಿದಾಗ ಅಜ್ಜಿ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರೋ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ ಆ ಹೊತ್ತಿಗಾಗಲೇ ಹಾಳುಬಿದ್ದಿತ್ತು. ಅರಮನೆಯ ಜಾಗದಲ್ಲಿ ಗಿಡಮರ ಬೆಳೆದಿತ್ತು. ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಯ ದಾರಿ ಹಿಡಿದರು. ದಾರಿಯಲ್ಲಿ ಹೊರೆಯಾಳುಗಳು ಗಂಟುಮೂಟೆ ಸರಿಮಾಡುವ ತನಕ ದೆಲ್ಲಾ ವಾಲ್ಲೆ ಒಂದು ದೇವಸ್ಥಾನದ ಜಗಲಿಯಲ್ಲಿ ಕುಳಿತ. ಅಲ್ಲಿ ಅವನು ಕಂಡದ್ದು ಇಡೀ ಪುಸ್ತಕದಲ್ಲಿ ನನಗೆ ಅತಿ ಪ್ರಿಯವಾದ ಪುಟ.

ನಾಲ್ವರು ಚಿಕ್ಕ ಹುಡುಗರು ಲೆಕ್ಕ ಕಲಿಯುತ್ತಿದ್ದರು. ಗುರುಗಳಿರಲಿಲ್ಲ. ಒಬ್ಬ ರಾಗವಾಗಿ ಒಂದು ಸಾಲು ಹೇಳುತ್ತಾನೆ. ಹೇಳುತ್ತಲೇ ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕಿ ಬರೆಯುತ್ತಾನೆ. ಉಳಿದವರೂ ಅದನ್ನೇ ಹಾಡುತ್ತಾ ಬರೆಯುತ್ತಾರೆ. ಮರಳು ತುಂಬಿದಾಗ ಅಳಿಸಿ ಹೊಸ ಮರಳು ಉದುರಿಸುತ್ತಾರೆ. ಕಾಗದ ಖರ್ಚಾಗುವುದಿಲ್ಲ, ಮಸಿಯೂ ಬೇಡ. ಈ ರೋಮಿನವನು ಅವರನ್ನು ಕೇಳಿದ: ಎಲ್ಲರೂ ಕಲಿಯುವವರೇ, ಕಲಿಸುವವರು ಯಾರೂ ಇಲ್ಲ, ಮರೆತರೆ ಅಥವಾ ತಪ್ಪಿದರೆ ತಿದ್ದುವವರು ಯಾರು? ಹುಡುಗರು ಕೊಟ್ಟ ಉತ್ತರ ಇದು: ನಾಲ್ವರೂ ಒಂದೇ ಕಡೆಯಲ್ಲಿ ಮರೆಯುವುದು ಆಗದ ಮಾತು, ಒಬ್ಬ ತಪ್ಪಿದರೆ ಇನ್ನೊಬ್ಬನಿಗೆ ನೆನಪಿರುತ್ತದೆ. ನಿಜವನ್ನೇ ಹೇಳಿದರು ಎಂದು ದೆಲ್ಲಾ ವಾಲ್ಲೆ ತಲೆದೂಗುತ್ತಾನೆ. ಬಿ.ಎಡ್. ಓದುವಾಗ ಕಲಿಕೆಯ ವಿಧಾನಗಳ ಬಗ್ಗೆ ನಾನು ಬರೆದ ಉತ್ತರಗಳಲ್ಲಿ ಒಂದಾದರೂ ಇಷ್ಟು ನೆಟ್ಟಗೆ ಇತ್ತೆಂದು ನನಗನ್ನಿಸುವುದಿಲ್ಲ.

ಆ ಹುಡುಗರು ಮಗ್ಗಿ ಕಲಿತ ಹಾಗೆಯೇ ನಮ್ಮ ತಂಡೇಲರೂ ಕಡಲು ಕಲಿತರು. ಅವರಿಗೂ ಕಾಗದವಿರಲಿಲ್ಲ. ಅವರ ಅಳಿವೆಯ ಮರಳು ಪ್ರತಿ ಮಳೆಗಾಲದಲ್ಲಿ ಅಳಿಸಿಹೋಗಿ ಬೇರೆ ಕಡೆ ದಿಬ್ಬವಾಗುತ್ತಿತ್ತು. ನೂಲ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದ ಮೇಲೆ ಮತ್ತೆ ಹೊಸದಾಗಿ ಓದಿಕೊಳ್ಳಬೇಕಾಗಿತ್ತು. ಯಾವ ಗುಡ್ಡದ ನೇರಕ್ಕೆ ಬಂದರೆ ಆಳ ನೀರು, ಯಾವ ತಿಂಗಳಲ್ಲಿ ಯಾವ ಹೊತ್ತಿಗೆ ಗಾಳಿ ತಿರುಗುತ್ತದೆ ಎಂಬುದನ್ನು ಒಬ್ಬ ಹೇಳಿದರೆ ಇನ್ನೊಬ್ಬ ತಿದ್ದುತ್ತಿದ್ದ. ನೂರಾರು ವರ್ಷ ಅದು ಹಾಗೆಯೇ ಉಳಿದು ಬಂತು. ಬರೆದಿಡದ ವಿದ್ಯೆ ದುರ್ಬಲವೆಂದು ನಾವು ಓದಿದವರು ತಿಳಿಯುತ್ತೇವೆ. ನಾಲ್ವರು ಕೂಡಿ ಹೇಳುತ್ತಿರುವ ತನಕ ಅದು ಪುಸ್ತಕಕ್ಕಿಂತ ಗಟ್ಟಿ. ಗೆದ್ದಲಿಗೂ ಸಿಗುವುದಿಲ್ಲ, ಬೆಂಕಿಗೂ ಸಿಗುವುದಿಲ್ಲ.

ಕೂಡಿ ಕುಳಿತವರು ಎದ್ದುಹೋದ ಮೇಲೆ ಮಾತ್ರ ಅದಕ್ಕೆ ಉಳಿವಿಲ್ಲ. 1950ರ ದಶಕದ ನಂತರ ನಮ್ಮ ಕರಾವಳಿಯ ದೋಣಿಗಳಿಗೆ ಒಂದೊಂದಾಗಿ ಯಂತ್ರ ಬಂತು. ಹೊಳೆಗಳಿಗೆ ಸೇತುವೆ ಬಂತು. ಸರಕು ಲಾರಿ ಏರಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಅದರ ಅತಿ ಉದ್ದದ ಸೇತುವೆ, 2 ಕಿಲೋಮೀಟರಿಗೂ ಮಿಕ್ಕಿದ್ದು, ಅಜ್ಜಿಯ ಮಚ್ವೆ ಭರತಕ್ಕೆ ಕಾದು ನಿಂತ ಆ ಶರಾವತಿಯ ಮೇಲೆಯೇ ಇದೆ. ಇದಕ್ಕೆ ನಾನು ಅಳುವವಳಲ್ಲ. ಹಾಯಿಯ ಕಾಲ ಚೆಲುವಾಗಿತ್ತು ಎಂದು ದಡದಲ್ಲಿ ನಿಂತು ಹೇಳುವುದು ಸುಲಭ. ಗಾಳಿ ತಪ್ಪಿ ಹಿಂದಿರುಗದ ದೋಣಿಗಳ ಮನೆಗಳಲ್ಲಿ ಹೆಂಗಸರು ಏನು ಅನುಭವಿಸಿದರು ಎಂಬುದೂ ಅಜ್ಜಿಯ ಕಥೆಗಳಲ್ಲಿತ್ತು. ಯಂತ್ರ ಬಂದದ್ದರಿಂದ ಬದುಕಿ ಮನೆಗೆ ಬಂದವರು ಎಷ್ಟೋ. ನನ್ನ ಕೊರಗು ಬೇರೆ. ಹಾಯಿ ಇಳಿಸುವಾಗ, ಇಷ್ಟು ಕಾಲ ಏನು ತಿಳಿದಿತ್ತು ಎಂದು ಆ ತಂಡೇಲರನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡವರು ತೀರ ಕಡಿಮೆ. ರಾಜರ ಶಾಸನವನ್ನು ಹುಡುಕಿಕೊಂಡು ಕಾಡು ಹೊಕ್ಕವರು ನಮ್ಮಲ್ಲಿದ್ದಾರೆ. ಅದು ದೊಡ್ಡ ಕೆಲಸವೇ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚಿನ ಹೆಸರು ಬಂದದ್ದು ಯಾರಿಂದಲೋ ಆ ಪಾದ್ರಿಯ ಮಗ ಬಿ. ಎಲ್. ರೈಸ್ ಅವರು ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿ ನಮಗೆ ಉಳಿಸಿಕೊಟ್ಟರು. ಕಲ್ಲಿನ ಮೇಲೆ ಬರೆದದ್ದಕ್ಕೆ ಹಾಗೆ ಒಬ್ಬರು ಸಿಕ್ಕರು. ಮರಳಿನ ಮೇಲೆ ಬರೆದದ್ದಕ್ಕೂ ಒಬ್ಬರು ಸಿಗಬೇಕಾಗಿತ್ತು.

ಈಚೆಗೆ ನಾನು ಪೋರ್ಚುಗೀಸರ ಪಾಠ ಮಾಡುವಾಗ ವೈಸರಾಯಿಗಳ ಹೆಸರು ಹೇಳಿಸುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಗೋವೆಯಿಂದ ಹೊನ್ನಾವರಕ್ಕೆ ಯಂತ್ರವಿಲ್ಲದ ದೋಣಿ ಹೇಗೆ ಹೋಗುತ್ತದೆ? ಎಷ್ಟು ಹೊತ್ತಿಗೆ ಹೊರಡಬೇಕು? ಮಧ್ಯದಲ್ಲಿ ನೀರು ಎಲ್ಲಿ? ಮಕ್ಕಳು ಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮನೆಯಲ್ಲಿ ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳ ಅಂಗಡಿಗಳಲ್ಲಿ ದುಡಿಯಲು ಬಂದವರ ಮಕ್ಕಳು ನಮ್ಮ ಶಾಲೆಯಲ್ಲಿ ಬಹಳ. ಒಂದು ವರ್ಷ ಅಂಕೋಲೆಯ ಕಡೆಯ ಹುಡುಗನೊಬ್ಬ ಮಾರನೆಯ ದಿನ ಬಂದು, ಅಜ್ಜನಿಗೆ ಫೋನ್ ಮಾಡಿ ಕೇಳಿದೆ ಎಂದ. "ಗಾಳಿ ನೆಲದಿಂದ ಬಂದಾಗ ಹೋಗಬೇಕಂತೆ ಮಿಸ್, ಕಡಲಿನಿಂದ ಬಂದಾಗ ಬರಬೇಕಂತೆ. ಅಷ್ಟು ಗೊತ್ತಿದ್ರೆ ಸಾಕಂತೆ, ಉಳಿದದ್ದು ದೋಣಿ ಹತ್ತಿದ ಮೇಲೆ ಗೊತ್ತಾಗುತ್ತಂತೆ." ಪಕ್ಕದವನು ಕೂಡಲೇ, "ಅಲ್ಲ, ಭರತ ಇಳಿತಾನೂ ನೋಡಬೇಕು, ಮಿಸ್ ಹೇಳಿದ್ರಲ್ಲ" ಎಂದು ತಿದ್ದಿದ. ಇಬ್ಬರೂ ಎದ್ದು ನಿಂತು ವಾದ ಮಾಡತೊಡಗಿದರು. ಮೂರನೆಯವಳು ಅಂಜದೀವಿಯ ನೀರನ್ನು ನೆನಪಿಸಿದಳು.

ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ, ಅದಕ್ಕೆ ಅಂಕವಿಲ್ಲ. ಆದರೂ ನಾನು ಅವರನ್ನು ಕೂರಿಸಲಿಲ್ಲ. ಗಂಟೆ ಹೊಡೆಯುವ ತನಕ ಹೇಳಿಕೊಳ್ಳಲಿ ಎಂದು ಬಿಟ್ಟೆ.